ಗೋಡೆಗೆ ಅಂಟಿದ ಖಾತೆ

ಮೈಸೂರಿನಲ್ಲಿ ಬಾಡಿಗೆ ಮನೆ ಬದಲಿಸುವ ಸಂಸಾರದ ಜೊತೆ ಗ್ಯಾಸ್ ಹೊರಡುತ್ತದೆ, ಕರೆಂಟ್ ಹೊರಡುವುದಿಲ್ಲ. ಕುವೆಂಪುನಗರ ಬಿಟ್ಟು ಹೂಟಗಳ್ಳಿಗೆ ಹೋಗುವವರು ಸಿಲಿಂಡರನ್ನೂ ರೆಗ್ಯುಲೇಟರನ್ನೂ ಸಾಮಾನಿನ ಗಾಡಿಗೇ ಹಾಕಿಕೊಳ್ಳುತ್ತಾರೆ. ಗ್ಯಾಸ್ ಪುಸ್ತಕದಲ್ಲಿರುವ ಗ್ರಾಹಕ ಸಂಖ್ಯೆ ಅವರ ಹೆಸರಿನದು; ಹೊಸ ಮನೆಗೆ ಹತ್ತಿರದ ಏಜೆನ್ಸಿಗೆ ಅದನ್ನು ವರ್ಗಾಯಿಸಿಕೊಂಡರೆ ಮುಗಿಯಿತು. ಕರೆಂಟಿನ ಖಾತೆ ಹಾಗಲ್ಲ. ಆರ್‌ಆರ್ ನಂಬರ್ ಗೋಡೆಯ ಮೇಲಿನ ಮೀಟರಿನದು. ಬಿಲ್ಲಿನ ಮೇಲಿನ ಹೆಸರು ಮನೆ ಮಾಲೀಕರದು, ಎಷ್ಟೋ ಕಡೆ ಮಾಲೀಕರ ತೀರಿಹೋದ ತಂದೆಯದು. ಹತ್ತು ವರ್ಷ ತಿಂಗಳು ತಪ್ಪದೆ ಬಿಲ್ ಕಟ್ಟಿದ ಬಾಡಿಗೆದಾರರಿಗೆ ಆ ಖಾತೆಯಲ್ಲಿ ಹೆಸರಿಲ್ಲ, ಠೇವಣಿ ಇಲ್ಲ, ಮುಚ್ಚುವ ಅಧಿಕಾರವೂ ಇಲ್ಲ. ಮನೆಬಳಕೆಯ ವಿದ್ಯುತ್ತಿನ ಬಗ್ಗೆ ನಮ್ಮ ಚರ್ಚೆಯೆಲ್ಲ ದರದ ಸುತ್ತಲೇ ಸುತ್ತುತ್ತದೆ: ಯೂನಿಟ್‌ಗೆ ಎಷ್ಟು, ಉಚಿತವೋ ಅಲ್ಲವೋ, ಖಾಸಗಿ ಕಂಪನಿ ಬಂದರೆ ಇಳಿಯುತ್ತದೆಯೋ ಏರುತ್ತದೆಯೋ. ಆದರೆ ವಿಶ್ವವಿದ್ಯಾಲಯ, ಹೆಬ್ಬಾಳದ ಕೈಗಾರಿಕೆಗಳು, ಸಾಫ್ಟ್‌ವೇರ್ ಕಚೇರಿಗಳಿಗಾಗಿ ವರ್ಷವಿಡೀ ಜನ ಬಂದುಹೋಗುವ ಊರಿನಲ್ಲಿ ಅದಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ, ಈ ಖಾತೆ ಕಟ್ಟಡದ್ದೋ ಅದರಲ್ಲಿ ವಾಸಿಸುವ ಸಂಸಾರದ್ದೋ ಎಂಬುದು. ಅದು ಸಂಸಾರದ್ದಾಗಬೇಕು ಎಂಬುದು ಈ ಲೇಖನದ ವಾದ. ಅದಕ್ಕೆ ಬೇಕಾದ ಕಾನೂನು ಬಹುಪಾಲು ಈಗಾಗಲೇ ಇದೆ.

ಕಂಪನಿಯನ್ನು ಬದಲಿಸುವ ಮಾತು ಇಲ್ಲಿ ಹುಟ್ಟುವುದೇ ಇಲ್ಲ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಹೋದ ವಿದ್ಯುತ್ 1905ರಲ್ಲಿ ಬೆಂಗಳೂರಿಗೆ, 1908ರಲ್ಲಿ ಮೈಸೂರಿಗೆ ಬಂತು. ಅಲ್ಲಿಂದೀಚೆಗೆ ಬಿಲ್ಲಿನ ತಲೆಬರಹ ಹಲವು ಸಲ ಬದಲಾಯಿತು. ಸಂಸ್ಥಾನದ ಇಲಾಖೆ ಹೋಗಿ 1957ರಲ್ಲಿ, ಮುಂದೆ ಕೆಇಬಿ ಎನಿಸಿಕೊಂಡ ವಿದ್ಯುತ್ ಮಂಡಳಿ ಬಂತು, 1999ರಲ್ಲಿ ಕೆಪಿಟಿಸಿಎಲ್, 2002ರಲ್ಲಿ ಮೆಸ್ಕಾಂ, 2005ರಿಂದ ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮ, ಅಂದರೆ ಊರಿನವರ ಬಾಯಲ್ಲಿ ಸೆಸ್ಕ್. (ಹಿರಿಯರು ಈಗಲೂ ಲೈನ್‌ಮ್ಯಾನ್‌ಗೆ ಕೆಇಬಿಯವನು ಎಂದೇ ಹೇಳುತ್ತಾರೆ, ಅವರ ಮಟ್ಟಿಗೆ ಏನೂ ಬದಲಾಗಿಲ್ಲ, ಅದು ಸರಿಯೂ ಹೌದು.) ಇಷ್ಟು ಬದಲಾವಣೆಗಳಲ್ಲಿ ಒಂದನ್ನೂ ಗ್ರಾಹಕರು ಆರಿಸಿಕೊಂಡದ್ದಲ್ಲ. 2003ರ ವಿದ್ಯುತ್ ಕಾಯ್ದೆ, ಬೇರೆಯವರಿಂದ ವಿದ್ಯುತ್ ಕೊಳ್ಳುವ ಮುಕ್ತ ಪ್ರವೇಶ ಎಂಬ ಬಾಗಿಲು ತೆರೆಯಿತು, ಆದರೆ ಅದು ಒಂದು ಮೆಗಾವಾಟ್‌ಗಿಂತ ಹೆಚ್ಚು ಬಳಸುವವರಿಗೆ. 2022ರ ಹಸಿರು ವಿದ್ಯುತ್ ನಿಯಮಗಳು ಮಿತಿಯನ್ನು 100 ಕಿಲೋವಾಟ್‌ಗೆ ಇಳಿಸಿದವು. ಮೂರು ಕಿಲೋವಾಟ್‌ನ ಮನೆಗೆ ಎರಡೂ ಎಟುಕುವುದಿಲ್ಲ. ಹಾಗಾಗಿ ಮೈಸೂರಿನ ಮನೆಯೊಂದು ಬದಲಿಸಬಹುದಾದದ್ದು ಕೆಲವೇ: ಮೀಟರಿನ ಹೆಸರು, ಮಂಜೂರಾದ ಲೋಡ್, ಮನೆಯೋ ಅಂಗಡಿಯೋ ಎಂಬ ವರ್ಗ, ಮತ್ತು 2023ರಿಂದ ಗೃಹಜ್ಯೋತಿ ಎಂಬ ರಾಜ್ಯದ ಉಚಿತ ವಿದ್ಯುತ್ ಯೋಜನೆಯ ನಂಟು. ಮೊದಲ ಮೂರೂ ಮಾಲೀಕರ ಕೈಯಲ್ಲಿವೆ. ನಾಲ್ಕನೆಯದು ಮಾತ್ರ ಬಾಡಿಗೆದಾರರ ಕೈಗೆ ಸಿಕ್ಕಿತು. ಖಾತೆ ಎಲ್ಲಿಗೆ ಅಂಟಿದೆ ಎಂಬುದೂ ಆಗಲೇ ಎಲ್ಲರ ಕಣ್ಣಿಗೆ ಬಿತ್ತು.

ಗೃಹಜ್ಯೋತಿಗೆ ನೋಂದಣಿ ಶುರುವಾದದ್ದು 2023ರ ಜೂನ್ 18ರಂದು, ಸರ್ಕಾರದ ಸೇವಾಸಿಂಧು ಜಾಲತಾಣದಲ್ಲಿ. ಜುಲೈ ತಿಂಗಳ ಬಳಕೆಗೆ ಆಗಸ್ಟ್‌ನಲ್ಲಿ ಶೂನ್ಯ ಬಿಲ್ ಬಂತು. 200 ಯೂನಿಟ್ ಉಚಿತ ಎಂಬುದು ಘೋಷಣೆಯ ಮಾತು. ಲೆಕ್ಕ ಬೇರೆ: ಆ ಮೀಟರಿನಲ್ಲಿ 2022–23ರಲ್ಲಿ ತಿಂಗಳಿಗೆ ಸರಾಸರಿ ಎಷ್ಟು ಓಡಿತ್ತೋ ಅದಕ್ಕೆ ಶೇ 10 ಸೇರಿಸಿದರೆ ಬರುವಷ್ಟು ಮಾತ್ರ ಉಚಿತ. ಅದಕ್ಕಿಂತ ಹೆಚ್ಚಾದರೆ ಹೆಚ್ಚಿನದಕ್ಕೆ ಹಣ, 200 ದಾಟಿದರೆ ಪೂರ್ತಿ ಬಿಲ್. ಹಳೆಯ ಲೆಕ್ಕವಿಲ್ಲದ ಹೊಸ ಮೀಟರಿಗೆ ರಾಜ್ಯದ ಸರಾಸರಿ 53 ಯೂನಿಟ್ ಹಿಡಿದು 58 ಕೊಟ್ಟರು. ಬಾಡಿಗೆದಾರರೂ ತಮ್ಮ ಆಧಾರ್ ಜೋಡಿಸಿ ಸೇರಬಹುದು ಎಂದದ್ದು ಒಳ್ಳೆಯ ನಿರ್ಧಾರವೇ. ಆದರೆ ಜೋಡಿಸುವ ದಾರಿ ಮಾಡಿದವರು ಬಿಡಿಸುವ ದಾರಿಯನ್ನು ಮಾಡಿರಲಿಲ್ಲ. ಒಂದು ಆಧಾರ್‌ಗೆ ಒಂದೇ ಆರ್‌ಆರ್ ನಂಬರ್. ಮನೆ ಖಾಲಿ ಮಾಡಿ ಹೋದವರ ಆಧಾರ್ ಹಳೆಯ ಮನೆಯ ಮೀಟರಿಗೇ ಕಟ್ಟಿಹಾಕಿಕೊಂಡಿತ್ತು. ಹೊಸ ಮನೆಯಲ್ಲಿ ಅವರಿಗೆ ಸೌಲಭ್ಯವಿಲ್ಲ. ಹಳೆಯ ಮನೆಗೆ ಬಂದವರಿಗೆ ಇನ್ಯಾರದೋ ಹೆಸರಿನ ಶೂನ್ಯ ಬಿಲ್, ಇಲ್ಲವೇ ಗೊಂದಲ. ಡಿ-ಲಿಂಕ್ ಸೌಲಭ್ಯ ಸೇವಾಸಿಂಧುವಿಗೆ ಬಂದದ್ದು 2024ರಲ್ಲಿ. ಅಂದರೆ ಕೋಟಿಗಟ್ಟಲೆ ಮನೆಗಳ ಯೋಜನೆಯೊಂದನ್ನು ರೂಪಿಸುವಾಗ, ಜನ ಮನೆ ಬದಲಿಸುತ್ತಾರೆ ಎಂಬ ಸಂಗತಿಯೇ ಯಾರ ತಲೆಗೂ ಹೊಳೆದಿರಲಿಲ್ಲ. ಸ್ವಂತ ಮನೆಯವರು ಬರೆದ ಯೋಜನೆ ಎಂದರೆ ತಪ್ಪಾಗಲಾರದು.

ಬಿಡಿಸಿಕೊಂಡ ಮೇಲೂ ಒಂದು ತೊಡಕು ಉಳಿಯುತ್ತದೆ, ಅದು ಹೆಚ್ಚು ಆಳದ್ದು. ಉಚಿತದ ಪಾಲು ಸಂಸಾರದ ಜೊತೆ ಬರುವುದಿಲ್ಲ, ಮೀಟರಿನಲ್ಲೇ ಉಳಿಯುತ್ತದೆ. ಸರಸ್ವತಿಪುರದ ಒಂದು ಮನೆಯಲ್ಲಿ 2022–23ರಲ್ಲಿ ವಯಸ್ಸಾದ ದಂಪತಿ ಇದ್ದು ತಿಂಗಳಿಗೆ 60 ಯೂನಿಟ್ ಬಳಸಿದ್ದರು ಎಂದಿಟ್ಟುಕೊಳ್ಳಿ. ಆ ಮೀಟರಿನ ಪಾಲು 66 ಯೂನಿಟ್. ಈಗ ಅಲ್ಲಿಗೆ ಐದು ಜನರ ಕುಟುಂಬ ಬಂದು 140 ಬಳಸಿದರೆ 74 ಯೂನಿಟ್‌ಗೆ ಹಣ ಕಟ್ಟಬೇಕು. 2025ರ ಏಪ್ರಿಲ್‌ನಲ್ಲಿ ಜಾರಿಗೆ ಬಂದ ₹5.80ರ ದರದಲ್ಲಿ ಅದು ₹429, ಅದರ ಮೇಲೆ ಯೂನಿಟ್‌ಗೆ 36 ಪೈಸೆಯ ಪಿಂಚಣಿ ಸರ್ಚಾರ್ಜು, ತೆರಿಗೆ. ಪಕ್ಕದ ಬೀದಿಯಲ್ಲಿ ಹಿಂದೆ 150 ಯೂನಿಟ್ ಉರಿಸುತ್ತಿದ್ದ ಮನೆಗೆ ಒಬ್ಬಂಟಿ ಉದ್ಯೋಗಿಯೊಬ್ಬರು ಬಂದರೆ ಅವರ ಪಾಲು 165. ಅವರಿಗೆ ಬೇಕಾದದ್ದು 40. ದೊಡ್ಡ ಕುಟುಂಬ ಹಣ ಕಟ್ಟುತ್ತದೆ, ಒಬ್ಬರೇ ಇರುವವರು ಎಸಿ ಹಾಕಿಕೊಂಡರೂ ಕಟ್ಟುವುದಿಲ್ಲ. ಇಬ್ಬರೂ ಮಿತವ್ಯಯವನ್ನೋ ದುಂದುವೆಚ್ಚವನ್ನೋ ಮಾಡಿದ್ದಕ್ಕೆ ಸಿಕ್ಕ ಫಲವಲ್ಲ ಇದು, ತಮಗಿಂತ ಮುಂಚೆ ಆ ಮನೆಯಲ್ಲಿ ಇದ್ದವರ ನಡವಳಿಕೆಗೆ ಸಿಕ್ಕ ಫಲ. 2024ರ ಜನವರಿಯಲ್ಲಿ ಸಚಿವ ಸಂಪುಟ 48 ಯೂನಿಟ್‌ಗಿಂತ ಕಡಿಮೆ ಸರಾಸರಿಯವರಿಗೆ ಶೇ 10ರ ಬದಲು ನೇರವಾಗಿ 10 ಯೂನಿಟ್ ಹೆಚ್ಚಿಗೆ ಕೊಟ್ಟಿತು. ಬಡವರಿಗೆ ಸ್ವಲ್ಪ ಅನುಕೂಲವಾಯಿತು, ನಿಜ. ಲೆಕ್ಕ ಮೀಟರಿನದೇ ಆಗಿ ಉಳಿಯಿತು.

ಅಗ್ರಹಾರ, ಕೆ.ಆರ್. ಮೊಹಲ್ಲಾಗಳ ಹಳೆಯ ವಠಾರಗಳಲ್ಲಿ ಪರಿಸ್ಥಿತಿ ಇನ್ನೂ ವಿಚಿತ್ರ. ಒಂದೇ ಮೀಟರ್, ಒಳಗೆ ಮಾಲೀಕರೇ ಹಾಕಿಸಿದ ಸಬ್ ಮೀಟರ್‌ಗಳು. ಎರಡು ಸಂಸಾರ ತಲಾ 120 ಯೂನಿಟ್ ಬಳಸಿದರೆ ಒಟ್ಟು 240. 200 ದಾಟಿದ್ದರಿಂದ ಪೂರ್ತಿ ಬಿಲ್, ವಿದ್ಯುತ್ತಿನ ಬೆಲೆಯೇ ₹1,392. ಬೇರೆ ಬೇರೆ ಮೀಟರ್ ಇದ್ದಿದ್ದರೆ ಇಬ್ಬರೂ 200ರ ಒಳಗೇ ಇರುತ್ತಿದ್ದರು. ಕಾಗದದ ಮೇಲೆ ಆ ಎರಡು ಸಂಸಾರ ಒಂದೇ ಗ್ರಾಹಕ. ಊರಿನಲ್ಲಿ ಯಾರಿಗೆ ಈ ಯೋಜನೆ ಹೆಚ್ಚು ಬೇಕಿತ್ತೋ ಅವರಲ್ಲಿ ಒಂದು ಪಾಲು ಜನ ಹೀಗೆ ಲೆಕ್ಕದಿಂದಲೇ ಹೊರಗುಳಿದರು.

ಇನ್ನು ಗ್ಯಾಸ್. ಇಲ್ಲಿ ವ್ಯವಸ್ಥೆ ಮೊದಲಿನಿಂದಲೂ ವ್ಯಕ್ತಿಯನ್ನೇ ಹಿಡಿದು ನಡೆದಿದೆ. ಸಂಪರ್ಕ ಪಡೆದವರ ಹೆಸರಿನಲ್ಲಿ ಸಬ್‌ಸ್ಕ್ರಿಪ್ಷನ್ ವೋಚರ್ ಇರುತ್ತದೆ, ಅದರಲ್ಲಿ ಡೆಪಾಸಿಟ್ ಎಷ್ಟೆಂದು ಬರೆದಿರುತ್ತದೆ. 14.2 ಕೆ.ಜಿ. ಸಿಲಿಂಡರಿನ ಡೆಪಾಸಿಟ್ ₹1,450 ಇದ್ದದ್ದು 2022ರ ಜೂನ್ 16ರಿಂದ ₹2,200 ಆಯಿತು, ರೆಗ್ಯುಲೇಟರಿಗೆ ₹150 ಇದ್ದದ್ದು ₹250. ಸಂಪರ್ಕ ಬಿಟ್ಟುಕೊಟ್ಟರೆ ವೋಚರಿನಲ್ಲಿರುವ ಮೊತ್ತ ವಾಪಸು ಬರುತ್ತದೆ. ಊರೊಳಗೆ ಮನೆ ಬದಲಿಸಿದರೆ ಏಜೆನ್ಸಿ ಬದಲಿಸಬಹುದು. ಪರವೂರಿಗೆ ಹೋದರೆ ಸಿಲಿಂಡರ್ ಒಪ್ಪಿಸಿ, ಟರ್ಮಿನೇಷನ್ ವೋಚರ್ ತೆಗೆದುಕೊಂಡು ಅಲ್ಲಿ ಮತ್ತೆ ಶುರುಮಾಡಬಹುದು. ಕೆಲ ಕಾಲ ಊರಲ್ಲಿ ಇರದವರು ಸಿಲಿಂಡರನ್ನು ಏಜೆನ್ಸಿಯಲ್ಲೇ ಇಟ್ಟು ಖಾತೆಯನ್ನು ಜೀವಂತವಾಗಿಡುವ ಏರ್ಪಾಡೂ ಇದೆ. ಗ್ಯಾಸ್ ಸಹಾಯಧನವನ್ನು ನೇರವಾಗಿ ಬ್ಯಾಂಕ್ ಖಾತೆಗೆ ಹಾಕುವ ಪ್ರಯೋಗ 2013ರಲ್ಲಿ ದೇಶದ ಕೆಲವೇ ಜಿಲ್ಲೆಗಳಲ್ಲಿ ನಡೆದಾಗ ಅದರಲ್ಲಿ ಮೈಸೂರೂ ಒಂದು. ಸಹಾಯಧನವನ್ನು ವಿಳಾಸಕ್ಕಲ್ಲದೆ ವ್ಯಕ್ತಿಗೆ ಜೋಡಿಸಬಹುದು ಎಂಬ ಪಾಠ ಈ ಊರಿಗೆ ಹೊಸದೇನಲ್ಲ. ಅನಿಲದಲ್ಲೂ ಎಲ್ಲವೂ ಸಲೀಸು ಎಂದು ಹೇಳುವಂತಿಲ್ಲ. 2013ರ ಅಕ್ಟೋಬರ್‌ನಲ್ಲಿ 24 ನಗರಗಳಲ್ಲಿ ಶುರುವಾಗಿ 2014ರ ಜನವರಿಯಲ್ಲಿ 480 ಜಿಲ್ಲೆಗಳಿಗೆ ವಿಸ್ತರಿಸಿದ ಪೋರ್ಟಬಿಲಿಟಿ ಬಹುಮಟ್ಟಿಗೆ ಏಜೆನ್ಸಿ ಬದಲಿಸುವುದಕ್ಕಷ್ಟೇ ಆಯಿತು. ಒಂದು ಕಂಪನಿಯ ಸಿಲಿಂಡರನ್ನು ಇನ್ನೊಂದು ಕಂಪನಿ ತುಂಬುವಂತಿಲ್ಲವಾದ್ದರಿಂದ ಇಂಡೇನ್‌ನಿಂದ ಎಚ್‌ಪಿಗೆ ಹೋಗುವುದು ಕಷ್ಟವಾಗಿಯೇ ಉಳಿಯಿತು. ಪೆಟ್ರೋಲಿಯಂ ಮತ್ತು ನೈಸರ್ಗಿಕ ಅನಿಲ ನಿಯಂತ್ರಣ ಮಂಡಳಿ ಈ ಬಗ್ಗೆ ಸಾರ್ವಜನಿಕರ ಅಭಿಪ್ರಾಯ ಕೇಳಿದ್ದು 2025ರಲ್ಲಿ. ಆದರೂ ಬಿಟ್ಟುಹೋಗುವವರಿಗೆ ಗ್ಯಾಸ್ ಏಜೆನ್ಸಿ ಕೊಡುವ ಕಾಗದ, ಡೆಪಾಸಿಟ್, ತಾತ್ಕಾಲಿಕ ನಿಲುಗಡೆ ಇವು ಮೂರೂ ವಿದ್ಯುತ್ ಕಚೇರಿಯಲ್ಲಿ ಬಾಡಿಗೆದಾರರಿಗೆ ಸಿಗುವುದಿಲ್ಲ.

ತಾತ್ಕಾಲಿಕ ನಿಲುಗಡೆಯ ಮಾತು ಬಾಡಿಗೆದಾರರಿಗೆ ಮಾತ್ರ ಸಂಬಂಧಿಸಿದ್ದಲ್ಲ. ಮಕ್ಕಳು ಬೆಂಗಳೂರಿನಲ್ಲೋ ಅಮೆರಿಕದಲ್ಲೋ ಇದ್ದು ವರ್ಷದ ಬಹುಪಾಲು ಬೀಗ ಹಾಕಿರುವ ಮನೆಗಳು ಜಯಲಕ್ಷ್ಮೀಪುರ, ವಿಜಯನಗರಗಳಲ್ಲಿ ಬೇಕಾದಷ್ಟಿವೆ. 2025–26ರ ದರದಂತೆ ಮಂಜೂರಾದ ಲೋಡಿನ ಪ್ರತಿ ಕಿಲೋವಾಟ್‌ಗೆ ತಿಂಗಳಿಗೆ ₹145 ನಿಗದಿತ ಶುಲ್ಕ. ಗೃಹಜ್ಯೋತಿಗೆ ಸೇರದ ಮೂರು ಕಿಲೋವಾಟ್‌ನ ಮನೆ ಒಂದು ದೀಪ ಹಚ್ಚದಿದ್ದರೂ ವರ್ಷಕ್ಕೆ ₹5,220 ಕಟ್ಟುತ್ತದೆ. ಯೂನಿಟ್ ದರ ಹತ್ತು ಪೈಸೆ ಇಳಿಯಿತು ಎಂದು ಪತ್ರಿಕೆಗಳ ತಲೆಬರಹದಲ್ಲಿ ಬಂದ ಆ ವರ್ಷವೇ ಈ ಶುಲ್ಕ ₹120ರಿಂದ ಏರಿದ್ದು. ಇಂಥವರಿಗೆ ನಿಜವಾದ ಪ್ಲಾನ್ ಬದಲಾವಣೆ ಎಂದರೆ ಲೋಡ್ ಇಳಿಸಿಕೊಳ್ಳುವುದು. ಗೀಸರ್ ತೆಗೆಸಿ ಸೋಲಾರ್ ಹಾಕಿಸಿದ ಮೇಲೂ ಹಳೆಯ ಲೋಡಿಗೇ ಶುಲ್ಕ ಕಟ್ಟುತ್ತಿರುವ ಮನೆಗಳು ಕಡಿಮೆಯಿರಲಾರವು.

ಕೊಳವೆ ಅನಿಲದ ಮಾತನ್ನೂ ಇಲ್ಲಿ ಹೇಳಬೇಕು, ಏಕೆಂದರೆ ಅದು ಗ್ಯಾಸನ್ನೂ ಗೋಡೆಗೆ ಅಂಟಿಸುತ್ತದೆ. 2022ರ ಆರಂಭದಲ್ಲಿ ಈ ಕೊಳವೆಗಾಗಿ ರಸ್ತೆ ಅಗೆಯುವ ವಿಚಾರಕ್ಕೆ ಆಗಿನ ಸಂಸದ ಪ್ರತಾಪ ಸಿಂಹ ಒಂದು ಕಡೆ, ಅವರದೇ ಪಕ್ಷದ ಶಾಸಕರಾಗಿದ್ದ ಎಸ್.ಎ. ರಾಮದಾಸ್ ಮತ್ತು ಎಲ್. ನಾಗೇಂದ್ರ ಇನ್ನೊಂದು ಕಡೆ ನಿಂತು ಜಟಾಪಟಿ ಮಾಡಿದ್ದು ಊರಿಗೆ ನೆನಪಿದೆ. ರಸ್ತೆಯ ಬಗ್ಗೆ ಅಷ್ಟು ಮಾತಾಡಿದವರು ಖಾತೆಯ ಬಗ್ಗೆ ಒಂದು ಮಾತೂ ಆಡಲಿಲ್ಲ. ನಗರ ಅನಿಲ ವಿತರಣೆಯ ಪರವಾನಗಿ ಪಡೆದ ಕಂಪನಿಗೆ ಆ ಪ್ರದೇಶದ ಕೊಳವೆ ಜಾಲದ ಮೇಲೆ 25 ವರ್ಷಗಳ ಏಕಸ್ವಾಮ್ಯವಿರುತ್ತದೆ. ಕೊಳವೆ ಮನೆಯೊಳಗೆ ಬರಬೇಕಾದರೆ ಮಾಲೀಕರು ಒಪ್ಪಬೇಕು, ಬಾಡಿಗೆದಾರರು ಹೊರಟಾಗ ಅದು ಅಲ್ಲೇ ಉಳಿಯುತ್ತದೆ. ಸಿಲಿಂಡರ್ ಒಪ್ಪಿಸಿ ಕೊಳವೆಗೆ ಹೋದವರು ಮುಂದಿನ ಮನೆಯಲ್ಲಿ ಕೊಳವೆ ಇಲ್ಲದಿದ್ದರೆ ಹೊಸ ಡೆಪಾಸಿಟ್ ಕಟ್ಟಿ ಮತ್ತೆ ಸಿಲಿಂಡರಿಗೆ ಬರಬೇಕು. ವಿದ್ಯುತ್ತಿನಲ್ಲಿ ಮಾಡಿದ ತಪ್ಪನ್ನು ಅನಿಲದಲ್ಲೂ ಮಾಡುವ ಮೊದಲು ಯೋಚಿಸಲು ಇನ್ನೂ ಸಮಯವಿದೆ.

ಇದಕ್ಕೆಲ್ಲ ಸ್ಪರ್ಧೆಯೇ ಮದ್ದು ಎನ್ನುವವರಿದ್ದಾರೆ. ಮೊಬೈಲ್ ಸಿಮ್ ಬದಲಿಸಿದ ಹಾಗೆ ಕರೆಂಟ್ ಕಂಪನಿಯನ್ನೂ ಬದಲಿಸಲು ಬಿಡಿ ಎನ್ನುತ್ತಾರೆ. ಒಂದೇ ತಂತಿಯ ಮೇಲೆ ಹಲವು ಕಂಪನಿಗಳಿಗೆ ಅವಕಾಶ ಕೊಡುವ ತಿದ್ದುಪಡಿ ಮಸೂದೆ 2022ರ ಆಗಸ್ಟ್ 8ರಂದು ಲೋಕಸಭೆಗೆ ಬಂದು, ಸ್ಥಾಯಿ ಸಮಿತಿಗೆ ಹೋಗಿ, ಅಲ್ಲಿಂದ ಕಾಯ್ದೆಯಾಗಿ ಹೊರಬರಲಿಲ್ಲ. ಆದರೆ ದೇಶದಲ್ಲೇ ಒಂದು ಉದಾಹರಣೆ ಇದೆ. ಮುಂಬೈ ಉಪನಗರಗಳಲ್ಲಿ 2008ರ ಸುಪ್ರೀಂ ಕೋರ್ಟ್ ತೀರ್ಪಿನ ನಂತರ, 2009ರಿಂದ ಮನೆಬಳಕೆಯವರೂ ರಿಲಯನ್ಸ್ ಬಿಟ್ಟು ಟಾಟಾ ಪವರ್‌ಗೆ ಹೋಗಬಹುದಾಯಿತು; ತಂತಿ ಹಳೆಯ ಕಂಪನಿಯದೇ, ಮಾರುವವರು ಮಾತ್ರ ಬೇರೆ. ಆರಂಭದಲ್ಲಿ ಜನ ಸಾಲುಗಟ್ಟಿದರು. ಆಮೇಲೆ ಬಿಟ್ಟುಹೋದವರ ಮೇಲೆ ಕ್ರಾಸ್ ಸಬ್ಸಿಡಿ ಸರ್ಚಾರ್ಜು, ತಂತಿಯ ಬಾಡಿಗೆ ಬಿದ್ದವು, ಉಳಿತಾಯ ಕರಗುತ್ತಾ ಬಂತು. ಬ್ರಿಟನ್ನಿನಲ್ಲಿ 1990ರ ದಶಕದ ಕೊನೆಯಿಂದಲೇ ಪ್ರತಿ ಮನೆಗೂ ಆಯ್ಕೆಯಿದೆ. 2021–22ರಲ್ಲಿ ಅನಿಲದ ಸಗಟು ಬೆಲೆ ನೆಗೆದಾಗ ಇಪ್ಪತ್ತೈದಕ್ಕೂ ಹೆಚ್ಚು ಕಂಪನಿಗಳು ಮುಳುಗಿದವು, ನಷ್ಟದ ಭಾಗ ಎಲ್ಲರ ಬಿಲ್ಲಿಗೂ ಹಂಚಿಹೋಯಿತು. ಸ್ಪರ್ಧೆ ಕೆಟ್ಟದ್ದೆಂದು ಇದರಿಂದ ತೀರ್ಮಾನಿಸಬೇಕಿಲ್ಲ. ಆದರೆ ಬ್ರಿಟನ್ನಿನಲ್ಲಿ ಬಿಲ್ ಕಟ್ಟುವ ಬಾಡಿಗೆದಾರ ತಾನೇ ಗ್ರಾಹಕ, ಹೊರಡುವ ದಿನ ಮೀಟರ್ ಓದಿ ತನ್ನ ಖಾತೆ ಮುಚ್ಚಿ ಹೋಗುತ್ತಾನೆ. ಕಂಪನಿಯ ಆಯ್ಕೆ ಅದರ ಮೇಲೆ ಕಟ್ಟಿದ ಎರಡನೇ ಮಹಡಿ. ಮೈಸೂರಿಗೆ ನಾಳೆ ನಾಲ್ಕು ಕಂಪನಿ ಬಂದರೂ ಆರಿಸುವವರು ಬಿಲ್ಲಿನ ಮೇಲೆ ಹೆಸರಿರುವ ಮಾಲೀಕರೇ. ಬಿಲ್ ಕಟ್ಟುವವರು ನೋಡುತ್ತಾ ನಿಲ್ಲಬೇಕು.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಬಾಕಿಯದು. ಖಾತೆ ಸಂಸಾರದ್ದಾದರೆ ಅದು ಬಾಕಿ ಉಳಿಸಿ ಊರು ಬಿಟ್ಟಾಗ ಸೆಸ್ಕ್ ಯಾರನ್ನು ಹಿಡಿಯಬೇಕು? ಕಟ್ಟಡವಾದರೆ ಓಡಿಹೋಗುವುದಿಲ್ಲ. ಸುಪ್ರೀಂ ಕೋರ್ಟ್ ಕೂಡ 2023ರ ಮೇ ತಿಂಗಳಲ್ಲಿ ಕೆ.ಸಿ. ನೈನಾನ್ ಪ್ರಕರಣದಲ್ಲಿ, ನಿಯಮಗಳಲ್ಲಿ ಅವಕಾಶವಿದ್ದರೆ ಹಿಂದಿನವರ ಬಾಕಿ ತೀರಿಸಿದ ಮೇಲೆಯೇ ಹೊಸ ಮಾಲೀಕರಿಗೆ ಸಂಪರ್ಕ ಕೊಡುತ್ತೇವೆ ಎನ್ನುವುದು ತಪ್ಪಲ್ಲ ಎಂದಿತು. ಆದರೆ ಆ ಪ್ರಕರಣಗಳು ಮುಖ್ಯವಾಗಿ ಹರಾಜಿನಲ್ಲಿ ಕೈಬದಲಾದ ಆಸ್ತಿಗಳ, ದೊಡ್ಡ ಬಾಕಿಗಳ ಕಥೆ. ಮನೆಯ ಮಟ್ಟಿಗೆ ಅಪಾಯದ ಅಳತೆ ಚಿಕ್ಕದು. ಬಿಲ್ ಕಟ್ಟದಿದ್ದರೆ 15 ದಿನಗಳ ನೋಟಿಸ್ ಕೊಟ್ಟು ಸಂಪರ್ಕ ಕಡಿಯಲು ಕಾಯ್ದೆಯ 56ನೇ ಕಲಂ ಅಧಿಕಾರ ಕೊಟ್ಟಿದೆ, 47ನೇ ಕಲಂ ಭದ್ರತಾ ಠೇವಣಿ ಪಡೆಯಲು ಬಿಟ್ಟಿದೆ, ಆ ಠೇವಣಿಗೆ ಬಡ್ಡಿಯನ್ನೂ ಕೊಡಬೇಕು. ಎರಡು ತಿಂಗಳ ಠೇವಣಿ ಕೈಯಲ್ಲಿಟ್ಟುಕೊಂಡು ಎರಡು ತಿಂಗಳೊಳಗೆ ಫ್ಯೂಸ್ ತೆಗೆಯುವ ಅಧಿಕಾರವಿರುವ ಕಂಪನಿಗೆ ಕಟ್ಟಡದ ಜಾಮೀನು ಬೇಕೇಬೇಕು ಎಂಬ ವಾದ ನಿಲ್ಲುವುದಿಲ್ಲ. ಗ್ಯಾಸ್ ಕಂಪನಿಗಳು ಲಕ್ಷಾಂತರ ಸಿಲಿಂಡರುಗಳನ್ನು ಡೆಪಾಸಿಟ್ ಒಂದನ್ನೇ ನಂಬಿ ಬಾಡಿಗೆದಾರರ ಕೈಗೆ ಕೊಟ್ಟಿಲ್ಲವೇ?

ಮಾಲೀಕರ ಭಯ ಬೇರೆ ರೀತಿಯದು: ಬಿಲ್ ಬಾಡಿಗೆದಾರರ ಹೆಸರಿಗೆ ಬಂದರೆ ನಾಳೆ ಅದನ್ನೇ ತೋರಿಸಿ ಮನೆ ಬಿಡುವುದಿಲ್ಲ ಎಂದರೆ? ಇದನ್ನು ಹಗುರವಾಗಿ ತಳ್ಳಿಹಾಕಬಾರದು. ನಮ್ಮ ಬಾಡಿಗೆ ವ್ಯಾಜ್ಯಗಳು ಎಷ್ಟು ವರ್ಷ ಎಳೆಯುತ್ತವೆ ಎಂಬುದು ಎಲ್ಲರಿಗೂ ಗೊತ್ತು. ಆದರೆ ಕರೆಂಟ್ ಬಿಲ್ ವಾಸದ ಗುರುತಾಗಬಹುದೇ ಹೊರತು ಒಡೆತನದ ಹಕ್ಕುಪತ್ರವಲ್ಲ. ಕಾಯ್ದೆಯ 43ನೇ ಕಲಂ ವಿದ್ಯುತ್ ಕೇಳುವ ಹಕ್ಕನ್ನು ಮಾಲೀಕರಿಗೆ ಅಥವಾ ವಾಸವಿರುವವರಿಗೆ ಎಂದು ಇಬ್ಬರಿಗೂ ಕೊಟ್ಟಿದೆ. 2022ರ ಮೇ ತಿಂಗಳಲ್ಲಿ ದಿಲೀಪ್ ಮತ್ತು ಸತೀಶ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಮಾಲೀಕರ ನಿರಾಕ್ಷೇಪಣಾ ಪತ್ರ ಇಲ್ಲವೆಂಬ ಕಾರಣಕ್ಕೆ ಬಾಡಿಗೆದಾರರಿಗೆ ವಿದ್ಯುತ್ ನಿರಾಕರಿಸುವಂತಿಲ್ಲ, ಅರ್ಜಿದಾರರು ಅಲ್ಲಿ ವಾಸವಿದ್ದಾರೆಯೇ ಎಂಬುದನ್ನಷ್ಟೇ ನೋಡಬೇಕು ಎಂದಿತು. ಮೇಲಾಗಿ 2023ರಿಂದ ಬಾಡಿಗೆದಾರರ ಆಧಾರ್ ಮಾಲೀಕರ ಮೀಟರಿಗೆ ಜೋಡಣೆಯಾಗುತ್ತಲೇ ಇದೆ. ಅದರಿಂದ ಯಾವ ಮನೆಯ ಒಡೆತನವೂ ಕೈಬಿಟ್ಟುಹೋಗಿಲ್ಲ. ಒಂದು ಆರ್‌ಆರ್ ನಂಬರಿಗೆ ಮಾಲೀಕರು, ಬಳಕೆದಾರರು ಎಂದು ಎರಡು ಹೆಸರು ಇಡಲು ಸಾಧ್ಯವೆಂದು ಗೃಹಜ್ಯೋತಿಯೇ ತೋರಿಸಿಕೊಟ್ಟಿದೆ. ಸೌಲಭ್ಯಕ್ಕೆ ಇಟ್ಟ ಎರಡನೇ ಹೆಸರನ್ನು ಬಿಲ್ಲಿಗೂ ಠೇವಣಿಗೂ ವಿಸ್ತರಿಸಬೇಕು, ಅಷ್ಟೇ.

ಮನೆ ಖಾಲಿ ಮಾಡುವ ದಿನಕ್ಕೆ ಬೇಕಾದ ಹಕ್ಕೂ ಕಾಗದದಲ್ಲಿದೆ. 2020ರ ಡಿಸೆಂಬರ್ 31ರಂದು ಪ್ರಕಟವಾದ ವಿದ್ಯುತ್ ಗ್ರಾಹಕರ ಹಕ್ಕುಗಳ ನಿಯಮಗಳು, ವಾಸವಿರುವವರು ಬದಲಾಗುವಾಗ ಕೇಳಿಕೊಂಡರೆ ವಿಶೇಷ ರೀಡಿಂಗ್ ತೆಗೆದು ಅಂತಿಮ ಬಿಲ್ ಕೊಡಬೇಕು, ಆಮೇಲೆ ಅದಕ್ಕೂ ಹಿಂದಿನ ಅವಧಿಯ ಹೆಸರಿನಲ್ಲಿ ಬೇರೆ ಹಣ ಕೇಳುವಂತಿಲ್ಲ ಎನ್ನುತ್ತವೆ. ಇದೇ ನಿಯಮಗಳ 2024ರ ತಿದ್ದುಪಡಿ ಹೊಸ ಸಂಪರ್ಕಕ್ಕೆ ಮಹಾನಗರಗಳಲ್ಲಿ 3, ಇತರ ನಗರಗಳಲ್ಲಿ 7, ಹಳ್ಳಿಗಳಲ್ಲಿ 15 ದಿನಗಳ ಗಡುವು ಹಾಕಿತು, ಅದು ಸುದ್ದಿಯೂ ಆಯಿತು. ವಿಶೇಷ ರೀಡಿಂಗ್ ಸುದ್ದಿಯಾಗಲಿಲ್ಲ. ಹಾಗಾಗಿ ತಿಂಗಳ ಮಧ್ಯೆ ಹೊರಟವರ ಕೊನೆಯ ಬಿಲ್ಲನ್ನು ಮಾಲೀಕರು ಅಂದಾಜಿನಲ್ಲಿ ಅಡ್ವಾನ್ಸ್‌ನಿಂದ ಮುರಿದುಕೊಳ್ಳುವ ಪದ್ಧತಿ ನಡೆದುಬಂದಿದೆ. ರೀಡಿಂಗ್, ಅಂತಿಮ ಬಿಲ್, ಡಿ-ಲಿಂಕ್ ಮೂರನ್ನೂ ಒಂದೇ ಅರ್ಜಿಗೆ ಸೇರಿಸಿದರೆ ಬಾಡಿಗೆ ಕರಾರು ಮುಗಿಯುವ ದಿನವೇ ವಿದ್ಯುತ್ತಿನ ಲೆಕ್ಕವೂ ಮುಗಿಯುತ್ತದೆ. ಇದಕ್ಕೆ ಸಂಸತ್ತಿನ ಮಸೂದೆ ಬೇಕಿಲ್ಲ, ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗದ ನಿರ್ದೇಶನ ಸಾಕು. ಸೆಸ್ಕ್‌ನ ದರ ಅರ್ಜಿಯ ಮೇಲಿನ ಸಾರ್ವಜನಿಕ ವಿಚಾರಣೆಯಲ್ಲಿ ಪೈಸೆ ಲೆಕ್ಕದ ಆಕ್ಷೇಪಣೆಗಳ ಜೊತೆ ಇದನ್ನೂ ಸಲ್ಲಿಸಲು ಯಾರಿಗೂ ಅಡ್ಡಿಯಿಲ್ಲ.

ಉಚಿತದ ಪಾಲನ್ನು ಮೀಟರಿನಿಂದ ಬಿಡಿಸಿ ಕುಟುಂಬಕ್ಕೆ ಕೊಡುವುದು ಮಾತ್ರ ಸರ್ಕಾರವೇ ಮಾಡಬೇಕಾದ ಕೆಲಸ, ಅದು ಅಷ್ಟು ಸುಲಭವೂ ಅಲ್ಲ. ಖರ್ಚು ಹೆಚ್ಚುತ್ತದೆ ಎಂದು ಹಣಕಾಸು ಇಲಾಖೆ ಹೇಳಬಹುದು. ದೊಡ್ಡ ಕುಟುಂಬಗಳ ಪಾಲು ಏರಿದರೆ ಹೆಚ್ಚುವುದು ಹೌದು, ಹಾಗೆಯೇ 165ರ ಮೀಟರಿನ ಕೆಳಗೆ ಒಬ್ಬರೇ ಇರುವ ಮನೆಯ ಪಾಲು ಇಳಿದರೆ ಒಂದಿಷ್ಟು ಉಳಿಯುತ್ತದೆ. ನಿವ್ವಳ ಎಷ್ಟಾಗುತ್ತದೆ ಎಂಬುದನ್ನು ಸೆಸ್ಕ್‌ನ ಬಿಲ್ಲಿಂಗ್ ಲೆಕ್ಕ ಮತ್ತು ರಾಜ್ಯದ ಪಡಿತರ ಚೀಟಿಯ ಕುಟುಂಬ ವಿವರಗಳನ್ನು ಎದುರುಬದುರಿಟ್ಟು ನೋಡಿದರೆ ತಿಳಿಯುತ್ತದೆ. ಎರಡೂ ಸರ್ಕಾರದ ಬಳಿಯೇ ಇವೆ. ವಠಾರದ ಒಂಟಿ ಮೀಟರಿಗೆ ಇದೂ ಉತ್ತರವಲ್ಲ. ಅಲ್ಲಿ ಮನೆಗೊಂದು ಮೀಟರ್ ಬರಬೇಕಾದರೆ ಹಳೆಯ ವೈರಿಂಗ್ ಕಿತ್ತು ಹೊಸದು ಹಾಕಬೇಕು. ತಮಗೆ ಲಾಭವಿಲ್ಲದ ಆ ಖರ್ಚನ್ನು ಮಾಲೀಕರು ತಾವಾಗಿ ಮಾಡುವುದಿಲ್ಲ, ಮಾಡಿದರೆ ಬಾಡಿಗೆಗೆ ಸೇರಿಸುತ್ತಾರೆ. ಒಂದು ಕಾಲದಲ್ಲಿ ಭಾಗ್ಯಜ್ಯೋತಿಯ ಹೆಸರಿನಲ್ಲಿ ಬಡವರ ಮನೆಗೆ ದೀಪ ಹಾಕಿಸಿಕೊಟ್ಟ ಸರ್ಕಾರ ಈ ವೈರಿಂಗಿನ ವೆಚ್ಚದಲ್ಲೂ ಪಾಲು ಹೊರಬೇಕಾದೀತು.